ಎಣಿಸಿದಾಗಲೆಲ್ಲ ಬೇರೆ ಲೆಕ್ಕ

ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆದ ಮೊದಲ ದಿನ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಎಲ್ಲರಿಗೂ ಕೇಳುವ ಪ್ರಶ್ನೆಯೊಂದಿದೆಯಲ್ಲ, ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು. 2024ರ ಮೇ ಕೊನೆಯಲ್ಲಿ ನನ್ನ ಸರದಿ ಬಂದಾಗ, ಏನೋ ಜಂಬಕ್ಕೆ, "ದ್ವೀಪಗಳಿಗೆ" ಎಂದುಬಿಟ್ಟೆ. "ಅಂಡಮಾನೇ? ಲಕ್ಷದ್ವೀಪವೇ?" ಎಂದು ನಾಲ್ಕು ಕುರ್ಚಿಗಳು ನನ್ನತ್ತ ತಿರುಗಿದವು. "ಹೊಳೆಬಾಗಿಲಿಗೆ" ಎಂದೆ. ನಾಲ್ಕೂ ಕುರ್ಚಿಗಳು ನಗುತ್ತಾ ವಾಪಸು ತಿರುಗಿದವು. ನಮ್ಮ ಸಾಗರ ಪೇಟೆಯವರಿಗೆ ಆಗ ಹೊಳೆಬಾಗಿಲೆಂದರೆ ಲಿಂಗನಮಕ್ಕಿಯ ಹಿನ್ನೀರು ದಾಟಿ ಸಿಗಂದೂರಿಗೆ ಹೋಗುವ ಲಾಂಚ್ ಹತ್ತುವ ಜಾಗವಾಗಿತ್ತು, ಅಷ್ಟೇ. ವಿಜ್ಞಾನದ ಮೇಷ್ಟ್ರೊಬ್ಬರು ಮಾತ್ರ ಚಹಾ ಲೋಟ ಕೆಳಗಿಟ್ಟು ಕೇಳಿದರು: "ಒಟ್ಟು ಎಷ್ಟು ದ್ವೀಪ ಇವೆ ಅಲ್ಲಿ?" ನನ್ನ ಬಳಿ ಉತ್ತರವಿರಲಿಲ್ಲ. ಎಣಿಸದೆ ಇದ್ದೆವೆಂದಲ್ಲ, ಮೂರು ಸಲ ಎಣಿಸಿದ್ದೆವು. ಮೊದಲ ಸಲ ಇಪ್ಪತ್ತಮೂರು, ಒಂದು ವಾರದ ಮೇಲೆ ಹತ್ತೊಂಬತ್ತು, ಕೊನೆಗೆ ಇಪ್ಪತ್ತಾರು. ಒಂದೇ ನೀರು, ಅದೇ ಕಣ್ಣು. ಆ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೂ ಉಗುರಿನ ಸಂದಿನ ಸಿಬಿರಿನಂತೆ ಕೂತಿದೆ.

ಹೇಳಬೇಕೆಂದರೆ ನಾವಿಬ್ಬರೂ, ಗಂಡ ಹೆಂಡತಿ, ಒಂದೇ ನದಿಯವರು. ನಮ್ಮವರು ಹೊನ್ನಾವರದ ಕಡೆಯವರು, ಶರಾವತಿ ಸಮುದ್ರ ಸೇರುವ ಜಾಗದವರು. ನನ್ನ ತಾಯಿಯ ಮನೆ ಕರೂರು ಸೀಮೆಯದು. ಅಂದರೆ ಜೋಗದ ಮೇಲಿನ ಶರಾವತಿಯದು, ಅಂದರೆ ಈಗ ಇಲ್ಲದ ಶರಾವತಿಯದು. ಅಂಬುತೀರ್ಥದಲ್ಲಿ ಹುಟ್ಟಿ ಅರಬ್ಬೀ ಸಮುದ್ರ ಸೇರುವ ಹೊತ್ತಿಗೆ ಈ ನದಿ ಹರಿಯುವುದು ಬರೀ 128 ಕಿಲೋಮೀಟರು. ಅಷ್ಟು ಚಿಕ್ಕ ನದಿಯ ಮೇಲಿನವರಿಗೂ ಕೆಳಗಿನವರಿಗೂ ನೀರಿನ ವಿಷಯದಲ್ಲಿ ಒಂದೇ ಒಂದು ಮಾತು ಹೊಂದುವುದಿಲ್ಲ. ಅವರಿಗೆ ನೀರೆಂದರೆ ಆಟ, ಮೀನು, ಪೇಟೆಗೆ ಹೋಗುವ ದಾರಿ. ನಮ್ಮ ಮನೆಯಲ್ಲಿ ನೀರೆಂದರೆ ಬಂದದ್ದು. "ನೀರು ಬಂತು" ಎಂದು ನನ್ನ ಅಮ್ಮ ಹೇಳಿದರೆ ಅದು ನಲ್ಲಿಯ ಮಾತಲ್ಲ, ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರು ಮುಳುಗಿದ 1964ರ ಮಾತು.

ಇವರು ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯ ನೌಕಾ ವಿಭಾಗದಲ್ಲಿದ್ದರು. ಅಲ್ಲಿ ಕಲಿಸಿದ ಹಾಯಿದೋಣಿಯ ಹುಚ್ಚು ಮೂವತ್ತು ವರ್ಷ ಎಲ್ಲೋ ಅಟ್ಟದ ಮೇಲಿತ್ತು. ಮಗಳು ಹಾಸ್ಟೆಲಿಗೆ ಹೋದ ವರ್ಷ ಕೆಳಗಿಳಿಯಿತು. ಕರಾವಳಿಯಲ್ಲಿ ಯಾರದೋ ಶೆಡ್ಡಿನಲ್ಲಿ ಮಣ್ಣು ತಿನ್ನುತ್ತಿದ್ದ ಹಳೆಯ ಎಂಟರ್‌ಪ್ರೈಸ್ ದೋಣಿಯೊಂದನ್ನು ಕೊಂಡರು. ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ ಮಾದರಿಯಂತೆ. ಹದಿಮೂರು ಅಡಿ ಚಿಲ್ಲರೆ ಉದ್ದ, ಇಬ್ಬರಿಗೆ ಲೆಕ್ಕವಾಗಿ ಜಾಗ, ನೀಲಿ ಹಾಯಿ. ಗೂಡ್ಸ್ ಗಾಡಿಯ ಮೇಲೆ ಕಟ್ಟಿ ಗೇರುಸೊಪ್ಪೆ ಘಾಟಿ ಹತ್ತಿಸುವಾಗ ಮಾವಿನಗುಂಡಿಯ ಚಹಾ ಅಂಗಡಿಯಲ್ಲಿ ಒಬ್ಬರು ನನ್ನನ್ನು ಕೇಳಿದರು, "ಸಮುದ್ರದಿಂದ ಗುಡ್ಡಕ್ಕೆ ಒಯ್ಯುತ್ತಿದ್ದೀರಲ್ಲ ಅಕ್ಕಾ, ದಾರಿ ತಪ್ಪಿದಿರೋ ಹೇಗೆ?" ಅನುಮತಿ ಪತ್ರಗಳ ಕಥೆ ಬೇರೆಯೇ ಒಂದು ಪುರಾಣ, ಇಲ್ಲಿ ಬೇಡ. ಅಭಯಾರಣ್ಯದ ಕಡೆಯ ದಡ ಹತ್ತುವುದಿಲ್ಲ, ರಾತ್ರಿ ನೀರಿನ ಮೇಲೆ ಇರುವುದಿಲ್ಲ, ನೆಂಟರ ಮನೆಗಳಲ್ಲೇ ಮಲಗುತ್ತೇವೆ ಎಂದು ನಾವೇ ಗೆರೆ ಎಳೆದುಕೊಂಡಿದ್ದೆವು. ಏಪ್ರಿಲ್ ಪೂರ್ತಿ ದೋಣಿಯ ತೂತು ಮುಚ್ಚುವುದರಲ್ಲಿ ಹೋಯಿತು. ಅಷ್ಟರಲ್ಲಿ ನನಗೆ ಚುನಾವಣೆ ಕರ್ತವ್ಯದ ಆದೇಶ ಬಂತು. ಮೇ 7ರ ಮತದಾನ ಮುಗಿಸಿ, ಪೆಟ್ಟಿಗೆ ಒಪ್ಪಿಸಿ, ಒಂದು ದಿನ ಸತ್ತ ಹಾಗೆ ಮಲಗಿ ಎದ್ದು ದೋಣಿ ನೀರಿಗಿಳಿಸಿದೆವು. ಆಮೇಲಿನ ಹನ್ನೆರಡು ದಿನ ನಮ್ಮದು.

ಗಾಳಿಗೆ ಹಾಜರಿ

ಮಲೆನಾಡಿನ ಗಾಳಿ ಸರ್ಕಾರಿ ಕಚೇರಿಯಂತೆ. ಬೆಳಿಗ್ಗೆ ಹತ್ತರವರೆಗೆ ಯಾರೂ ಬಂದಿರುವುದಿಲ್ಲ. ನೀರು ಎಣ್ಣೆ ಸುರಿದಂತೆ ಸುಮ್ಮನಿರುತ್ತದೆ, ಹಾಯಿ ಒಣಗಲು ಹಾಕಿದ ಪಂಚೆಯಂತೆ ನೇತಾಡುತ್ತದೆ, ಇವರು ಹುಟ್ಟು ಹಾಕುತ್ತಾರೆ, ನಾನು ಅವಲಕ್ಕಿ ಕಲಸುತ್ತೇನೆ. ಹನ್ನೊಂದು, ಹನ್ನೊಂದೂವರೆಗೆ ಪಡುವಣದ ಗುಡ್ಡಸಾಲಿನ ಸಂದಿಯಿಂದ ಮೊದಲ ಗಾಳಿ ಬರುತ್ತದೆ. ಬರುವುದು ಕಣ್ಣಿಗೆ ಕಾಣುತ್ತದೆ: ದೂರದ ನೀರು ಇದ್ದಕ್ಕಿದ್ದಂತೆ ಕಪ್ಪಾಗಿ, ಆ ಕಪ್ಪು ನಮ್ಮ ಕಡೆಗೆ ಓಡಿ ಬರುತ್ತದೆ. ಸಂಜೆ ಸೂರ್ಯ ಇಳಿದ ಮೇಲೆ ಮತ್ತೆ ಯಾರೂ ಇಲ್ಲ. ಸಮುದ್ರದಲ್ಲಿ ಗಾಳಿ ಒಂದು ದಿಕ್ಕಿನಿಂದ ಬಂದರೆ ಆ ದಿಕ್ಕಿನಿಂದಲೇ ಬರುತ್ತದೆ, ಇಲ್ಲಿ ಒಂದೊಂದು ಗುಡ್ಡವೂ ತನ್ನ ಗಾಳಿ ತಾನೇ ಮಾಡುತ್ತದೆ ಎಂದು ಇವರು ಮೂರು ದಿನ ಗೊಣಗಿದರು. ಗುಡ್ಡದ ಮರೆಗೆ ಹೋದರೆ ಉಸಿರು ನಿಂತಂತೆ, ಮರೆ ದಾಟಿದೊಡನೆ ಕೆನ್ನೆಗೆ ಹೊಡೆದಂತೆ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಂದು ಕಡೆಗೆ ಸ್ವಲ್ಪ ದೂರ, ಆಮೇಲೆ ಮಗ್ಗುಲು ಬದಲಿಸಿ ಇನ್ನೊಂದು ಕಡೆಗೆ ಸ್ವಲ್ಪ ದೂರ. ಇವರು ಚಿತ್ರ ಬರೆದು ವಿವರಿಸಿದರೂ ತಲೆಗೆ ಹತ್ತದ್ದು, ಘಾಟಿಯ ಬಸ್ಸು ತಿರುವು ತಿರುವಾಗಿ ಹತ್ತುವುದನ್ನು ನೆನೆಸಿಕೊಂಡ ಕೂಡಲೇ ಹತ್ತಿತು. ಪ್ರತಿ ತಿರುವಿನಲ್ಲೂ ಹಾಯಿಯ ಅಡಿಯ ಅಡ್ಡಗೋಲು ಈ ಬದಿಯಿಂದ ಆ ಬದಿಗೆ ಬೀಸುತ್ತದೆ. ಅದಕ್ಕೆ ಮುಂಚೆ ಚುಕ್ಕಾಣಿ ಹಿಡಿದವರು ಇನ್ನೊಬ್ಬರಿಗೆ ಎಚ್ಚರಿಕೆ ಕೊಡಬೇಕು. ಎನ್‌ಸಿಸಿಯಲ್ಲಿ ಅದಕ್ಕೆ ದೊಡ್ಡ ಇಂಗ್ಲಿಷ್ ಆಜ್ಞೆಗಳಿದ್ದವಂತೆ. ನಮ್ಮ ದೋಣಿಯಲ್ಲಿ ಎರಡನೆಯ ದಿನದ ಹೊತ್ತಿಗೆ ಅದು "ತಲೆ!" ಎಂಬ ಒಂದೇ ಶಬ್ದಕ್ಕೆ ಇಳಿಯಿತು. ಅವರು ತಲೆ ಎನ್ನಬೇಕು, ನಾನು ಬಗ್ಗಬೇಕು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವರು ಹೇಳಿದ್ದಕ್ಕೆ ನಾನು ಇಷ್ಟು ಬೇಗ ಬಗ್ಗಿದ್ದು ಇದೇ ಮೊದಲು. ಹದಿಮೂರು ಅಡಿಯ ದೋಣಿಯಲ್ಲಿ ಮುನಿಸಿಕೊಂಡು ಒಳಗೆ ಎದ್ದು ಹೋಗಲು ಕೋಣೆಯಿಲ್ಲ. ಮುನಿಸಿಕೊಂಡರೂ ಎದುರಾ ಎದುರು ಕೂತು, ದೋಣಿ ವಾಲಿದ ಕಡೆಯಿಂದ ಈ ಕಡೆಗೆ ಇಬ್ಬರೂ ಒಟ್ಟಿಗೆ ಸರಿದು ಭಾರ ಹಾಕಲೇಬೇಕು.

ದಡದ ಜನಕ್ಕೆ ನಾವೊಂದು ಮೋಜು. ಶಾಮಿಯಾನ ಎಲ್ಲಿಗೆ ಹೊರಟಿತು ಎಂದು ಕೂಗಿದವರಿದ್ದಾರೆ. ಇಂಜಿನ್ ಎಲ್ಲಿದೆ ಎಂದು ದೋಣಿಯ ಅಡಿಗೆ ಬಗ್ಗಿ ನೋಡಿದ ಹುಡುಗರಿದ್ದಾರೆ. ಲಾಂಚಿನವರು ಹತ್ತಿರ ಬಂದಾಗಲೆಲ್ಲ ಹಾರನ್ ಹೊಡೆದು ಕೈ ಬೀಸುತ್ತಿದ್ದರು. ಮೇಲೆ ನೋಡಿದರೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟುತ್ತಿದ್ದ ಸೇತುವೆಯ ಕಂಬಗಳು ಬಿಸಿಲಿಗೆ ಬೆಳ್ಳಗೆ ನಿಂತಿದ್ದವು. ಮರುವರ್ಷ, 2025ರ ಜುಲೈ 14ರಂದು, ಅದು ಉದ್ಘಾಟನೆಯಾಯಿತು. ಅರವತ್ತು ವರ್ಷ ಲಾಂಚಿಗೂ ದೋಣಿಗೂ ಕಾದವರು ಈಗ ನಿಮಿಷಗಳಲ್ಲಿ ದಾಟುತ್ತಾರೆ. ಬಸುರಿಯರನ್ನು, ಹಾವು ಕಚ್ಚಿದವರನ್ನು ರಾತ್ರಿ ಹೊತ್ತು ದಾಟಿಸಲು ಪಟ್ಟ ಪಾಡು ಗೊತ್ತಿರುವ ಯಾರೂ ಲಾಂಚಿನ ಬಗ್ಗೆ ಕಣ್ಣೀರು ಹಾಕಲಾರರು. ಹಾಕುವವರು ಭಾನುವಾರ ಬಂದು ಫೋಟೋ ತೆಗೆದು ಹೋಗುತ್ತಿದ್ದವರು. ನಾವೂ ಆ ಹನ್ನೆರಡು ದಿನ ಹೆಚ್ಚುಕಡಿಮೆ ಅದೇ ಜಾತಿಯವರಲ್ಲವೇ ಎಂಬ ಅನುಮಾನ ನನಗೆ ಹುಟ್ಟಿದ್ದು ನಾಲ್ಕನೆಯ ದಿನ.

ಕುಂಟೆ

ಅಂದು ಗಾಳಿ ಹದವಾಗಿತ್ತು. ನೀರಿನ ಮೇಲೆ ಜಾರುತ್ತಿದ್ದೆವು. ಎರಡು ದ್ವೀಪಗಳ ನಡುವಿನ ಓಣಿಯಂಥ ಜಾಗದಲ್ಲಿ ದೋಣಿ ಢಕ್ಕೆಂದು ನಿಂತಿತು. ನಾನು ಮುಗ್ಗರಿಸಿ ಮುಂದಕ್ಕೆ ಬಿದ್ದೆ, ಮಜ್ಜಿಗೆ ಪಾತ್ರೆ ಚೆಲ್ಲಿತು. ಎಂಟರ್‌ಪ್ರೈಸಿನ ಹೊಟ್ಟೆಯ ನಡುವೆ ಒಂದು ಹಲಗೆ ನೀರಿಗಿಳಿದಿರುತ್ತದೆ. ದೋಣಿ ಅಡ್ಡಕ್ಕೆ ಜಾರದಂತೆ ಹಿಡಿಯುವುದು ಅದರ ಕೆಲಸ. ಗಟ್ಟಿ ವಸ್ತು ತಾಗಿದರೆ ಅದು ಕೀಲಿನ ಮೇಲೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮಡಚಿಕೊಂಡಿತ್ತು, ಹಾಗಾಗಿ ಮುರಿದಿರಲಿಲ್ಲ. "ಬಂಡೆ" ಎಂದರು ಇವರು. ಬಗ್ಗಿ ನೋಡಿದೆ. ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಚಹಾದ ಬಣ್ಣದ ನೀರಿನಲ್ಲಿ, ಅಗಲವಾದ ಒಂದು ಮರದ ಕುಂಟೆ. ನಿಂತೇ ಇತ್ತು. ಮುಟ್ಟಿದರೆ ಜಾರುವ ಪಾಚಿ, ಉಗುರಿನಿಂದ ಕೆರೆದರೆ ಪಾಚಿಯ ಅಡಿಯಲ್ಲಿ ಕಬ್ಬಿಣದಷ್ಟು ಗಟ್ಟಿ ಮರ. ಮೇಲ್ಮೈ ಓರೆಯಾಗಿತ್ತು, ಒಂದು ಕಡೆಯಿಂದ ಕಚ್ಚು ಹಾಕಿ ಇನ್ನೊಂದು ಕಡೆಯಿಂದ ಬೀಳಿಸಿದ ಗುರುತು. ಎರಡೂ ಏಟಿನ ನಡುವೆ ಬೀಳುವಾಗ ಸಿಗಿದು ನಿಂತ ನಾಲ್ಕು ಬೆರಳಿನ ಸಿಬಿರು ಅರವತ್ತು ವರ್ಷವಾದರೂ ಹಾಗೇ ಇತ್ತು. ಯಾರೋ ನೆಲದ ಮೇಲೆ ನಿಂತು, ಸೊಂಟದೆತ್ತರಕ್ಕೆ ಕೊಡಲಿ ಬೀಸಿ ಕಡಿದ ಮರ. ಅಂದರೆ ಅದರಿಂದ ಮೂರು ಅಡಿ ಕೆಳಗೆ ನೆಲ. ಅಲ್ಲಿ ಒಬ್ಬ ಮನುಷ್ಯ ಬೆವರು ಒರೆಸಿಕೊಂಡು ನಿಂತಿದ್ದ. ನಾನು ಅವನ ಎದೆಯ ಎತ್ತರದಲ್ಲಿ ಅವಲಕ್ಕಿ ತಿನ್ನುತ್ತ ತೇಲುತ್ತಿದ್ದೆ.

ಅಲ್ಲಿಂದ ಮುಂದೆ ಇವರು ಒಂದು ಗ್ರಾಫ್ ಪುಸ್ತಕ ತೆರೆದರು. ಮೊಬೈಲಿನ ನಕಾಶೆಯಲ್ಲಿ ಎಲ್ಲವೂ ಸಪಾಟು ನೀಲಿ, ಅದರ ಮೇಲೆ ಅಲ್ಲಲ್ಲಿ ಹಸಿರು ಚುಕ್ಕೆ. ಆ ನೀಲಿಯ ನಡುಮಧ್ಯದಲ್ಲಿ ನಾವಿದ್ದೇವೆಂದು ಮೊಬೈಲು ಹೇಳುವಾಗ ನಾವು ಹುಲ್ಲಿನ ಮೇಲೆ ನಿಂತಿರುತ್ತಿದ್ದೆವು, ಪಕ್ಕದಲ್ಲಿ ಎಮ್ಮೆ ಮೇಯುತ್ತಿತ್ತು. ಆದ್ದರಿಂದ ಸ್ವಂತ ನಕಾಶೆ. ಕುಂಟೆಗೆ ಕತ್ತರಿ ಗುರುತು, ಬಂಡೆಗೆ ಚುಕ್ಕೆ, ದೋಣಿ ಎಳೆಯಬಹುದಾದ ದಡಕ್ಕೆ ಗೀಟು. ಶ್ರದ್ಧೆಯಿಂದ ಬರೆಯುತ್ತಿದ್ದರು. ಮೂರೇ ದಿನಕ್ಕೆ ಆ ನಕಾಶೆಯೂ ಸುಳ್ಳಾಗತೊಡಗಿತು. ನೀರು ಇಳಿಯುತ್ತಿತ್ತಲ್ಲ.

ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಜಲಾಶಯಗಳ ಮಟ್ಟ ಬರುತ್ತಿತ್ತು. ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ, ಇಂದಿನ ಮಟ್ಟ ಇಷ್ಟು. ಮನೆಯಲ್ಲಿ ಅದನ್ನು ಓದುವುದು ಅಪ್ಪನಲ್ಲ, ಅಮ್ಮ. 2023ರ ಮಳೆ ಕೈಕೊಟ್ಟ ಕಾರಣ ನಮ್ಮ ಬೇಸಿಗೆಯಲ್ಲಿ ನೀರು ಹತ್ತಾರು ಅಡಿ ಕೆಳಗಿತ್ತು, ದಿನದಿನವೂ ಇಳಿಯುತ್ತಲೇ ಇತ್ತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಸೆಕೆಗಾಲದಲ್ಲಿ ರಾಜ್ಯಕ್ಕೆ ಕರೆಂಟು ಬೇಕಾದಾಗಲೆಲ್ಲ ಇಲ್ಲಿಂದ ನೀರು ಹೋಗಬೇಕು. ಬೆಂಗಳೂರಿನಲ್ಲಿ ಯಾರೋ ಫ್ಯಾನ್ ಹಾಕಿಕೊಂಡರೆ ಇಲ್ಲಿ ನಮ್ಮ ದ್ವೀಪ ಒಂದು ಕೂದಲೆಳೆ ಬೆಳೆಯುತ್ತದೆ. ಹಾಗೆ ಬೆಳೆದೂ ಬೆಳೆದೂ ಒಂದು ದಿನ ಪಕ್ಕದ ದ್ವೀಪದ ಕೈ ಹಿಡಿಯುತ್ತದೆ, ಎರಡು ಹೋಗಿ ಒಂದಾಗುತ್ತದೆ. ಇನ್ನೊಂದು ದಡಕ್ಕೇ ಅಂಟಿ ದ್ವೀಪವೆಂಬ ಹೆಸರನ್ನೇ ಕಳೆದುಕೊಳ್ಳುತ್ತದೆ. ಬರೀ ನೀರಿದ್ದ ಕಡೆ ಬೋಳು ದಿಬ್ಬವೊಂದು ಬೆನ್ನು ತೋರಿಸುತ್ತದೆ. ಇಪ್ಪತ್ತಮೂರು ಹತ್ತೊಂಬತ್ತಾಗಿದ್ದೂ ಹತ್ತೊಂಬತ್ತು ಇಪ್ಪತ್ತಾರಾಗಿದ್ದೂ ಹೀಗೆ.

ಮಡೇನೂರಿನ ಕಡೆ ಹೋದ ದಿನ ಹಿರೇಭಾಸ್ಕರ ಅಣೆಕಟ್ಟು ಕಂಡಿತು. ಮೈಸೂರು ಸಂಸ್ಥಾನದ ಕಾಲದಲ್ಲಿ ಜೋಗದ ಮೊದಲ ವಿದ್ಯುತ್ ಕೇಂದ್ರಕ್ಕೆಂದು ಶುರುವಾದ ಅಣೆ. ಅದು ನೀರು ನಿಲ್ಲಿಸಿ ಊರು ಮುಳುಗಿಸಿತು, ಆಮೇಲೆ ಲಿಂಗನಮಕ್ಕಿ ಎದ್ದು ಅದನ್ನೇ ಮುಳುಗಿಸಿತು. ನೀರು ತೀರಾ ತಗ್ಗಿದ ವರ್ಷ ಮಾತ್ರ ಮೇಲೆ ಬರುತ್ತದೆ. ಗಣೇಶ ಅಯ್ಯರ್ ಎಂಬ ಎಂಜಿನಿಯರ್ ವಿನ್ಯಾಸ ಮಾಡಿದ ಸೈಫನ್‌ಗಳು, ಗುಮ್ಮಟದಂಥವು, ಸಾಲಾಗಿ ನಿಂತಿವೆ. ಬಾಗಿಲಿಲ್ಲದೆ, ಯಾರೂ ತಿರುಗಿಸದೆ, ನೀರು ಮಟ್ಟ ಮೀರಿದರೆ ತಾವೇ ಹೀರಿ ಹೊರಹಾಕುವ ಏರ್ಪಾಡು. ಇವರು ಒಂದು ಗಂಟೆ ಬಾಯಿ ತೆರೆದು ನೋಡಿದರು. ನನಗೆ ಅದರ ಜಾಣತನಕ್ಕಿಂತ ಅಮ್ಮನ ಒಂದು ಮಾತು ನೆನಪಾಗುತ್ತಿತ್ತು: ಆ ಸೀಮೆಯಲ್ಲಿ ಎರಡು ಸಲ ಎದ್ದ ಮನೆಗಳಿವೆ, ಭಾಸ್ಕರನ ನೀರಿಗೆ ಒಮ್ಮೆ, ಲಿಂಗನಮಕ್ಕಿಯ ನೀರಿಗೆ ಇನ್ನೊಮ್ಮೆ.

ಮಳೆಯೂ ಬಂತು ನಡುವೆ. ಕೃತ್ತಿಕೆ ಮಳೆ. ಮೂಡಣದಿಂದ ಕಪ್ಪು ಎದ್ದಿದ್ದನ್ನು ನಾನೇ ಮೊದಲು ನೋಡಿ ಹೇಳಿದೆ, ಇನ್ನೂ ಹೊತ್ತಿದೆ ಎಂದರು. ಹೊತ್ತಿರಲಿಲ್ಲ. ಅಲ್ಯೂಮಿನಿಯಂ ಹಾಯಿಗಂಬವೇ ಸುತ್ತಲಿನ ನೀರಿಗೆಲ್ಲ ಎತ್ತರದ ವಸ್ತು, ಅದರ ಬುಡದಲ್ಲಿ ನಾವು. ಹಾಯಿ ಇಳಿಸಿ, ಹುಟ್ಟು ಹಾಕಿ, ಹತ್ತಿರದ ದಡಕ್ಕೆ ಎಳೆದು, ದೋಣಿಯಿಂದಲೂ ಮರಗಳಿಂದಲೂ ದೂರ ಓಡಿ ಟಾರ್ಪಾಲಿನಡಿ ಕುಕ್ಕರಗಾಲಿನಲ್ಲಿ ಕೂತೆವು. ಅರ್ಧ ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು "ನೀನು ಹೇಳಿದ್ದು ಸರಿಯಿತ್ತು" ಎಂದರು. ತಾರೀಕು ಬರೆದಿಟ್ಟುಕೊಂಡಿದ್ದೇನೆ: ಮೇ 16.

ಎರಡು ಕಡ್ಡಿ ಸಿಗ್ನಲ್

ಇವರ ಕಡೆ ಹೊಳೆಯ ನಡುವಿನ ನೆಲಕ್ಕೆ ಕುರ್ವೆ ಎನ್ನುತ್ತಾರೆ. ಹೊನ್ನಾವರದ ಹತ್ತಿರ ಶರಾವತಿಯಲ್ಲೇ ಮಾವಿನಕುರ್ವೆ ಇದೆ. ತೆಂಗಿನ ತೋಟ, ಮನೆ, ಜನ ತುಂಬಿದ ಊರು. ನಮ್ಮ ಮದುವೆಯ ಹೊಸದರಲ್ಲಿ ಅಲ್ಲಿನ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಅದು ಹೊಳೆ ತಾನೇ ತಂದ ಮಣ್ಣನ್ನು ತಾನೇ ಇಳಿಸಿ ಕಟ್ಟಿದ ನೆಲ. ಹಾಗಾಗಿ ಹಿನ್ನೀರಿನಲ್ಲೂ ಮೊದಲ ದಿನಗಳಲ್ಲಿ ಅವರು "ಆ ಕುರ್ವೆಗೆ ಹೋಗೋಣ, ಈ ಕುರ್ವೆಗೆ ಹೋಗೋಣ" ಎನ್ನುತ್ತಿದ್ದರು. ನಾನು ಶಾಲೆಯ ಪುಸ್ತಕದ ದ್ವೀಪವನ್ನೇ ಹಿಡಿದುಕೊಂಡಿದ್ದೆ. ನಡುಗಡ್ಡೆ ಎಂಬ ಚೆಂದದ ಪದ ಇಬ್ಬರ ಬಾಯಿಗೂ ಬರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಎರಡು ನೆತ್ತಿಯ ಒಂದು ದ್ವೀಪದ ಮೇಲೆ ಹತ್ತಿದೆವು. ಕೆಳಗೆ ಒಣಗಿ ಬಿರಿದ ಕೆಸರು, ಅದರ ಮೇಲೆ ಕೆಂಪು ಮಣ್ಣಿನ ಬೋಳು ಪಟ್ಟಿ, ಅದಕ್ಕೂ ಮೇಲೆ ನೀರು ಎಂದೂ ಮುಟ್ಟದ ಕಾಡು. ಅಡುಗೆಮನೆಯ ಗೋಡೆಯ ಮೇಲಿನ ಹೊಗೆಯ ಗೆರೆಯಂತೆ ಮೂರೂ ಬೇರೆ ಬೇರೆ ಕಾಣುತ್ತಿದ್ದವು. ನೆತ್ತಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಕ್ಕಿತು, ಅಮ್ಮನಿಗೆ ಫೋನು ಮಾಡಿದೆ. ಅಮ್ಮ ಆನಂದಪುರದ ಹತ್ತಿರ ಅಣ್ಣನ ಮನೆಯಲ್ಲಿದ್ದಾಳೆ. ಎಪ್ಪತ್ತಾರು ವರ್ಷ. ನೀರು ಬಂದಾಗ ಹದಿನಾರು. ಲಾರಿಯಲ್ಲಿ ಪಾತ್ರೆ, ದನ, ಮುದುಕರನ್ನು ಒಟ್ಟಿಗೆ ತುಂಬಿ ತಂದು ಇಳಿಸಿದ ಕಾಡನ್ನೇ ಕಡಿದು ಊರು ಮಾಡಿಕೊಂಡವರು ಅವರು. ಕಾಗದಪತ್ರಕ್ಕೆ ಇಂದಿಗೂ ಅಲೆಯುತ್ತಿರುವವರು. ದೋಣಿಗೆ ಬರುತ್ತೀಯಾ ಎಂದು ಹೊರಡುವ ಮುಂಚೆ ಕರೆದಿದ್ದೆ. "ಮಾಡಿನ ಮೇಲೆ ಹತ್ತಿಕೊಂಡು ಬರಲಿಕ್ಕೆ ನಾನೇನು ಮಂಗನೇ?" ಎಂದಿದ್ದಳು.

"ಎಲ್ಲಿದ್ದೀರಿ?" ಎಂದಳು. ಒಂದು ದ್ವೀಪದ ಮೇಲೆ ಎಂದೆ. "ಯಾವ ಗುಡ್ಡ?" ನನಗೆ ಹೇಗೆ ಗೊತ್ತಾಗಬೇಕು? ಎರಡು ನೆತ್ತಿ ಇದೆ, ನಡುವೆ ತಗ್ಗು ಇದೆ, ಪಡುವಣದ ಕಡೆ ಕಡಿದಾಗಿದೆ, ಲಾಂಚು ಹೋಗುವ ದಾರಿಯಿಂದ ತುಂಬಾ ಬಲಕ್ಕೆ ಇದೆ ಎಂದೆ. ಅವಳಿಗೆ ಲಾಂಚಿನ ದಾರಿ ಕಟ್ಟಿಕೊಂಡು ಏನಾಗಬೇಕು. "ತಗ್ಗಿನಲ್ಲಿ ಗಾಡಿ ಹೋಗುವಷ್ಟು ಅಗಲ ಇದೆಯಾ?" ಇದೆ. "ಮೂಡಣದ ನೆತ್ತಿಯಲ್ಲಿ ಹಾಸುಗಲ್ಲು?" ಅದರ ಮೇಲೇ ಕೂತಿದ್ದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಸಿಗ್ನಲ್ ಹೋಯಿತೇನೋ ಎಂದುಕೊಂಡೆ.

"ಅದು ನಮ್ಮ ಸೊಪ್ಪಿನ ಬೆಟ್ಟ" ಎಂದಳು.

ಮಲೆನಾಡಿನ ಮನೆಯ ಲೆಕ್ಕ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ಗದ್ದೆ, ಅದರ ಮೇಲೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ನೀರು ಆ ಕ್ರಮದಲ್ಲೇ ಹತ್ತಿ ಬಂದಿತ್ತು. ತೋಟದ ಗೊಬ್ಬರಕ್ಕೆಂದು ಹೊರೆಗಟ್ಟಲೆ ಸೊಪ್ಪು ಹೊತ್ತು ಇಳಿಸುತ್ತಿದ್ದ, ಯಾರೂ ಬೆಲೆ ಕಟ್ಟದ ಗುಡ್ಡವೊಂದೇ ಉಳಿದಿತ್ತು. ನಾನು ನಾಲ್ಕು ಚಿತ್ರ ತೆಗೆದು "ನಿರ್ಜನ ದ್ವೀಪ" ಎಂದು ಮಗಳಿಗೆ ಕಳಿಸಿ ಐದು ನಿಮಿಷವೂ ಆಗಿರಲಿಲ್ಲ.

ಅಮ್ಮ ಅಳಲಿಲ್ಲ. ಅವಳಿಗೆ ಅದಕ್ಕೆ ಪುರುಸೊತ್ತಿರಲಿಲ್ಲ, ದಾರಿ ಹೇಳುತ್ತಿದ್ದಳು. ತಗ್ಗಿನಿಂದ ತೆಂಕಣಕ್ಕೆ ಇಳಿದರೆ ಕೊಟ್ಟಿಗೆ, ಕೊಟ್ಟಿಗೆ ದಾಟಿದರೆ ಅಂಗಳ. ನಾನು ಅವಳು ಹೇಳಿದ ಕಡೆ ನೋಡಿದೆ. ಕೊಟ್ಟಿಗೆ ಇರಬೇಕಾದ ಕಡೆ ಕೆಸರು, ಅಂಗಳ ಇರಬೇಕಾದ ಕಡೆ ನೀರು, ಅದರ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಕುಂಟೆಯ ಮೇಲೆ ನಿಂತಿತ್ತು. "ಅಂಗಳದಿಂದ ಬಲಕ್ಕೆ ಮಾತ್ರ ಹೋಗಬೇಡಿ" ಎಂದಳು. "ಯಾಕೆ?" "ಬಾವಿ ಇದೆ. ಕಟ್ಟೆ ಇಲ್ಲ. ಈ ವರ್ಷ ಕಟ್ಟಿಸೋಣ, ಬರುವ ವರ್ಷ ಕಟ್ಟಿಸೋಣ ಎಂದು ದೊಡ್ಡಪ್ಪ ಹೇಳುತ್ತಲೇ ಇದ್ದ. ಮುಳುಗುತ್ತದೆ ಎಂದು ಗೊತ್ತಾದ ಮೇಲೆ ಯಾರು ಕಟ್ಟಿಸುತ್ತಾರೆ? ಕತ್ತಲಾದ ಮೇಲಂತೂ ಆ ಕಡೆ ಹೋಗಲೇಬೇಡಿ. ಅಳಿಯಂದಿರಿಗೂ ಹೇಳು." ಅಲ್ಲಿ ಈಗ ಎರಡಾಳು ನೀರಿದೆ ಅಮ್ಮ ಎನ್ನಬೇಕೆಂದುಕೊಂಡೆ. ಆಯಿತು ಅಮ್ಮ, ಹೇಳುತ್ತೇನೆ ಎಂದೆ.

ಹೇಳಿದೆ. ಇವರು ನಗುತ್ತಾರೆಂದುಕೊಂಡಿದ್ದೆ. ಗ್ರಾಫ್ ಪುಸ್ತಕ ತೆಗೆದು ಕೊಟ್ಟಿಗೆ ಎಲ್ಲಿ, ಅಂಗಳ ಎಲ್ಲಿ, ಬಲಕ್ಕೆ ಎಂದರೆ ಮನೆಗೆ ಮುಖ ಮಾಡಿಯೋ ಬೆನ್ನು ಮಾಡಿಯೋ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಮತ್ತೆ ನೆತ್ತಿ ಹತ್ತಿ ಫೋನು ಮಾಡಿ ಕೇಳಿ ಬಂದೆ. ಬೆನ್ನು ಮಾಡಿ. ಕತ್ತರಿ ಗುರುತುಗಳ ನಡುವೆ ಪೆನ್ಸಿಲಿನಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿ, ಪಕ್ಕದಲ್ಲಿ "ಬಾವಿ, ಕಟ್ಟೆಯಿಲ್ಲ" ಎಂದು ಬರೆದರು.

ಮರುದಿನ ವಾಪಸು ಹೊರಟಾಗ ಗಾಳಿ ಚೆನ್ನಾಗಿತ್ತು. ಆ ಗಾಳಿಗೆ ನೇರವಾದ ದಾರಿ ಸೊನ್ನೆಯ ಮೇಲೇ ಹಾದುಹೋಗುತ್ತಿತ್ತು. ಇವರು ಪುಸ್ತಕವನ್ನೊಮ್ಮೆ, ನೀರುಕಾಗೆ ಕೂತಿದ್ದ ಕುಂಟೆಯನ್ನೊಮ್ಮೆ ನೋಡಿದರು. ಚುಕ್ಕಾಣಿ ತಿರುಗಿಸಿದರು. "ತಲೆ!" ಎಂದರು. ಬಗ್ಗಿದೆ.